ಒಂದು ಪಾದ ಮುಂದೆ ನಿಂತಿದ್ದಕ್ಕೆ ಟಚ್‌ಡೌನ್ ರದ್ದಾ?

(ಗುಂಪು: ಅಜ್ಜನ ಮನೆ)

ಪುಟ್ಟ: (ವಿಡಿಯೊ) ಎಲ್ಲರೂ ಇದನ್ನ ನೋಡಿ. 2023ರ ಡಿಸೆಂಬರ್ 10ರ ಅಮೆರಿಕನ್ ಫುಟ್‌ಬಾಲ್ ಪಂದ್ಯ, ಇಲ್ಲೇ ಕ್ಯಾನ್ಸಸ್ ಸಿಟಿಯಲ್ಲಿ. ಬಫಲೊ ಬಿಲ್ಸ್ 20, ನಮ್ಮ ಚೀಫ್ಸ್ 17. ಎರಡು ನಿಮಿಷವೂ ಉಳಿದಿರಲಿಲ್ಲ. ಮಹೋಮ್ಸ್ ಎಸೆದ ಚೆಂಡನ್ನು ಕೆಲ್ಸಿ ಹಿಡಿದ, ಓಡುತ್ತಲೇ ಪಕ್ಕದಲ್ಲಿದ್ದ ಟೋನಿ ಕೈಗೆ ಎಸೆದ, ಟೋನಿ ಸೀದಾ ಎದುರಾಳಿಯ ಗೋಲ್ ಗೆರೆ ದಾಟಿ ಟಚ್‌ಡೌನ್! ನೋಡಿದರೆ ತಪ್ಪಾದಾಗ ಅಂಪೈರ್ ಎಸೆಯೋ ಹಳದಿ ಬಟ್ಟೆ ಬಿದ್ದಿದೆ. ಆಟ ಶುರುವಾಗುವಾಗ ಟೋನಿ ಚೆಂಡು ಇಟ್ಟಿರೋ ಗೆರೆ ದಾಟಿ ನಿಂತಿದ್ದನಂತೆ. ಟಚ್‌ಡೌನ್ ರದ್ದು, ಮೇಲೆ ಐದು ಗಜ ಹಿಂದಕ್ಕೆ. ಪಂದ್ಯವೂ ಹೋಯಿತು. ಅವನು ಅಲ್ಲಿ ನಿಂತಿದ್ದರಿಂದ ಯಾರಿಗೆ ಏನು ತೊಂದರೆ ಆಯಿತು ಹೇಳಿ?

ಬಾಬು ಮಾವ: ಈ ಆಟ ನನಗೆ ಅಷ್ಟು ಗೊತ್ತಿಲ್ಲ. ಆದ್ರೆ ಇದು ನೋಬಾಲ್ ತರಹವೇ ಅಲ್ವಾ? 2017ರ ಚಾಂಪಿಯನ್ಸ್ ಟ್ರೋಫಿ ಫೈನಲ್ ಮರೆತೆಯಾ? ಬುಮ್ರಾ ಎಸೆತದಲ್ಲಿ ಫಖರ್ ಜಮಾನ್ ಕೀಪರ್‌ಗೆ ಕ್ಯಾಚ್ ಕೊಟ್ಟಾಗ ಅವನದು ಬರೀ 3 ರನ್. ನೋಬಾಲ್ ಆಯಿತು. ಆಮೇಲೆ 114 ಹೊಡೆದ. ನಾವು 180 ರನ್ನಿಂದ ಸೋತೆವು. ಹೊಟ್ಟೆ ಉರಿಯಿತು, ನಿಜ. ಹಾಗಂತ ಅಂಪೈರ್ ತಪ್ಪು ಅನ್ನೋಕಾಗುತ್ತಾ?

ಶೈಲಕ್ಕ: ಮಾವ ಹೇಳಿದ್ದು ಸರಿ. ಪುಟ್ಟ, ವಿಡಿಯೊನ ಟೋನಿ ನಿಂತ ಜಾಗದಲ್ಲಿ ನಿಲ್ಲಿಸಿ ನೋಡು. ಚೆಂಡು ಎಲ್ಲಿದೆ, ಅವನ ಕಾಲು ಎಲ್ಲಿದೆ? ಎರಡು ತಂಡದ ನಡುವೆ ಇರೋದೇ ಒಂದು ಚೆಂಡಿನ ಉದ್ದದ ಜಾಗ, ಒಂದು ಅಡಿಯೂ ಇಲ್ಲ. ಅದರೊಳಗೆ ಚೆಂಡು ಕೊಡುವವನ ಬಿಟ್ಟು ಇನ್ಯಾರೂ ಕಾಲಿಡೋ ಹಾಗಿಲ್ಲ. ನನ್ನ ಮಗ ಇಲ್ಲಿ ಸ್ಕೂಲ್ ತಂಡದಲ್ಲಿ ಅದೇ ಅಂಚಿನ ಜಾಗದಲ್ಲಿ ಆಡ್ತಾನೆ. ಪ್ರತಿ ಸಲ ನಿಂತ ತಕ್ಷಣ ಪಕ್ಕದ ಗೆರೆಯಲ್ಲಿರುವ ಅಂಪೈರ್ ಕಡೆ ತಿರುಗಿ ಕೈ ಚಾಚಿ ತೋರಿಸ್ತಾನೆ. ನಾನು ಸರಿ ಇದೀನಾ ಅಂತ ಕೇಳೋದು ಅದು. ಒಂದು ಸೆಕೆಂಡಿನ ಕೆಲಸ. ಹದಿನಾರು ವರ್ಷದ ಹುಡುಗ ಮಾಡೋದನ್ನ ಟೋನಿ ಮಾಡಬಹುದಿತ್ತು.

ಪುಟ್ಟ: ಅಕ್ಕಾ, ನಿಯಮವೇ ಒಂದು ಕಡೆ ವಾಲಿದೆ ಅಂತ ನಾನು ಹೇಳ್ತಿರೋದು. ಡಿಫೆನ್ಸ್‌ನವರು, ಅಂದ್ರೆ ತಡೆಯೋ ತಂಡದವರು, ತಮ್ಮ ಕಡೆ ಹೇಗೆ ಬೇಕಾದರೂ ಕುಣಿಯಬಹುದು. ಚೆಂಡು ಇರೋ ತಂಡದಲ್ಲಿ ಏಳು ಜನ ಗೆರೆ ಮೇಲೇ ಇರಬೇಕು. ಸ್ನ್ಯಾಪ್ (ಚೆಂಡನ್ನು ಹಿಂದಕ್ಕೆ ಕೊಟ್ಟು ಆಟ ಶುರು ಮಾಡೋದು) ಆಗುವಾಗ ಒಬ್ಬನೇ ಓಡಬಹುದು, ಅದೂ ಪಕ್ಕಕ್ಕೆ ಇಲ್ಲಾ ಹಿಂದಕ್ಕೆ. ಇಬ್ಬರು ಜಾಗ ಬದಲಿಸಿದರೆ ಎಲ್ಲರೂ ಪೂರ್ತಿ ಒಂದು ಸೆಕೆಂಡ್ ಕದಲದೆ ನಿಲ್ಲಬೇಕು. ಗೆರೆ ಮೇಲೆ ನೆಲಕ್ಕೆ ಕೈ ಊರಿ ಕೂತ ಲೈನ್‌ಮನ್ ಸ್ವಲ್ಪ ಬೆಚ್ಚಿದರೂ ಫಾಲ್ಸ್ ಸ್ಟಾರ್ಟ್ ಅನ್ನೋ ತಪ್ಪು, ಐದು ಗಜ ಹಿಂದಕ್ಕೆ. ಕೆನಡಾ ಫುಟ್‌ಬಾಲ್ ನೋಡು, ಅಲ್ಲಿ ಹಿಂದೆ ಇರೋರು ಸ್ನ್ಯಾಪ್‌ಗೆ ಮೊದಲೇ ಮುಂದಕ್ಕೇ ಓಡಿ ಬರ್ತಾರೆ. ಆಟ ಏನು ಕೆಟ್ಟುಹೋಗಿದೆಯಾ?

ಶೈಲಕ್ಕ: ಕೆನಡಾದಲ್ಲಿ ಡಿಫೆನ್ಸ್ ಒಂದು ಗಜ ಹಿಂದೆ ನಿಲ್ಲುತ್ತೆ ಕಣೋ. ಅದನ್ನೂ ಹೇಳು. ಇಲ್ಲಿ ಇಬ್ಬರೂ ಮೂಗಿಗೆ ಮೂಗು ತಾಗುವ ಹಾಗೆ ಇರ್ತಾರೆ. ಮತ್ತೆ ಡಿಫೆನ್ಸ್‌ಗೆ ಏನೂ ಇಲ್ಲ ಅನ್ನಬೇಡ. ಅವರು ಗೆರೆ ದಾಟಿ ಮುಟ್ಟಿದರೂ ಐದು ಗಜ, ಒಳಗೆ ನುಗ್ಗಿ ಎದುರಿನವನನ್ನು ಬೆಚ್ಚಿಸಿದರೂ ಐದು ಗಜ. ಯಾವಾಗ ಸ್ನ್ಯಾಪ್ ಅಂತ ಗೊತ್ತಿರೋದು ಚೆಂಡು ಇರೋ ತಂಡಕ್ಕೆ ಮಾತ್ರ. ಅವರಿಗೆ ಗೊತ್ತಿಲ್ಲ. ಅದು ಎಷ್ಟು ದೊಡ್ಡ ಲಾಭ ಯೋಚನೆ ಮಾಡು. ಅದರ ಮೇಲೆ ಓಡಿಬಂದು ಗುದ್ದೋಕೂ ಬಿಟ್ಟರೆ?

ಚಿಕ್ಕಮ್ಮ: ಒಂದು ಗಂಟೆಯಿಂದ ಓದ್ತಾ ಇದೀನಿ. ಓಡಿಬಂದು ಗುದ್ದಿದರೆ ಏನಾಗುತ್ತೆ? ಆಟವೇ ಗುದ್ದೋದು ತಾನೆ?

ಶೈಲಕ್ಕ: ಚಿಕ್ಕಮ್ಮ, ಜನ ಸಾಯ್ತಿದ್ದರು. ಉತ್ಪ್ರೇಕ್ಷೆ ಅಲ್ಲ. 1892ರಲ್ಲಿ ಯೇಲ್ ವಿರುದ್ಧ ಹಾರ್ವರ್ಡ್‌ನವರು ಒಂದು ವ್ಯೂಹ ಕಟ್ಟಿದರು. ಎರಡು ಗುಂಪು ದೂರದಿಂದ ಓಡಿಬಂದು ಬಾಣದ ತುದಿ ತರಹ ಸೇರಿಕೊಂಡು, ಅಷ್ಟೂ ಭಾರ ಎದುರಿನ ಒಬ್ಬನ ಮೇಲೆ ಬೀಳುತ್ತಿತ್ತು. ಆಗ ಹೆಲ್ಮೆಟ್ ಇಲ್ಲ, ಏನೂ ಇಲ್ಲ. ಎರಡೇ ವರ್ಷಕ್ಕೆ ಅದನ್ನು ನಿಷೇಧ ಮಾಡಿದರು. ಆದರೂ ಗುಂಪಾಗಿ ನುಗ್ಗೋದು ನಿಲ್ಲಲಿಲ್ಲ. 1905ರಲ್ಲಿ ಅಧ್ಯಕ್ಷ ರೂಸ್‌ವೆಲ್ಟ್ ಅವರೇ ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್‌ನವರನ್ನು ವೈಟ್‌ಹೌಸ್‌ಗೆ ಕರೆಸಿ ಮಾತಾಡಬೇಕಾಯಿತು. ಮರುವರ್ಷ ಬಂದಿದ್ದೇ ಈ ಚೆಂಡಿನ ಉದ್ದದ ಖಾಲಿ ಜಾಗ. ಪುಟ್ಟ ಬೈತಿರೋದು ಅದನ್ನೇ.

ಚಿಕ್ಕಮ್ಮ: ಅಯ್ಯೋ. ಪಾಪ, ಯಾರ ಮಕ್ಕಳೋ.

ಪುಟ್ಟ: ಅದು ಗುಂಪಾಗಿ ನುಗ್ಗೋ ಮಾತು ಅಕ್ಕಾ. ಟೋನಿ ನಿಂತಿದ್ದು ಅಂಚಲ್ಲಿ, ಒಬ್ಬನೇ. ಯಾರಿಗೂ ಗುದ್ದಲಿಲ್ಲ. ಸಾಮಾನ್ಯವಾಗಿ ಅಂಪೈರ್‌ಗಳು ಮೊದಲು ಕೋಚ್‌ಗೆ ಒಂದು ಮಾತು ಎಚ್ಚರಿಕೆ ಕೊಡ್ತಾರೆ, ಚೀಫ್ಸ್ ಕೋಚ್ ಆಂಡಿ ರೀಡ್ ಕೂಡ ಅದನ್ನೇ ಹೇಳಿದ್ದು.

ಶೈಲಕ್ಕ: ಎಚ್ಚರಿಕೆ ಕೊಟ್ಟಿದ್ದರೆ ಒಳ್ಳೇದಿತ್ತು. ಒಪ್ಪುತ್ತೇನೆ. ಆದ್ರೆ ಕೊಡಲೇಬೇಕು ಅಂತ ನಿಯಮ ಇಲ್ಲ. ಇನ್ನೊಂದು ಕೇಳು. ಅದೇ ವರ್ಷ ಫೆಬ್ರವರಿಯ ಫೈನಲ್, ಸೂಪರ್ ಬೌಲ್, ಈಗಲ್ಸ್ ವಿರುದ್ಧ ಚೀಫ್ಸ್ 38-35ರಲ್ಲಿ ಗೆದ್ದಿತು. ಇದೇ ಟೋನಿ ಅಂಚಿನಿಂದ ಒಳಕ್ಕೆ ಓಡಿಬಂದ, ಡಿಫೆಂಡರ್‌ಗಳು ಅವನು ಆ ಕಡೆ ಹೋಗ್ತಾನೆ ಅಂತ ಒಳಕ್ಕೆ ಸರಿದರು, ಸ್ನ್ಯಾಪ್ ಆಗುವಾಗ ಇವನು ಗಕ್ಕನೆ ತಿರುಗಿ ವಾಪಸ್ ಹೊರಗೆ. ಹತ್ತಿರ ಒಬ್ಬರೂ ಇಲ್ಲ. ಟಚ್‌ಡೌನ್. ಸ್ವಲ್ಪ ಹೊತ್ತಿಗೆ ಇನ್ನೊಂದು ಬದಿಯಲ್ಲಿ ಅದೇ ತಂಡದ ಸ್ಕೈ ಮೂರ್ ಅದನ್ನೇ ಮಾಡಿದ. ಒಬ್ಬನೇ ಕದಲಬಹುದು ಅನ್ನೋದರಿಂದಲೇ ಎಲ್ಲರ ಕಣ್ಣು ಆ ಒಬ್ಬನ ಮೇಲೆ ಇರುತ್ತೆ, ಅದಕ್ಕೇ ಆ ಮೋಸ ಫಲಿಸಿದ್ದು. ಹನ್ನೊಂದು ಜನವೂ ಓಡಾಡ್ತಾ ಇದ್ದರೆ ಅದರಲ್ಲಿ ಏನು ಚಂದ?

ಪುಟ್ಟ: ಅದು ಚಂದದ ಆಟ, ಇಲ್ಲ ಅನ್ನಲ್ಲ. ನಾನು ಆವತ್ತು ಸೋಫಾ ಮೇಲೆ ಹತ್ತಿ ನಿಂತಿದ್ದೆ.

ಶೈಲಕ್ಕ: ಕಳೆದ ವರ್ಷ ನನ್ನ ಮಗನದೂ ಒಂದು ಟಚ್‌ಡೌನ್ ಹೀಗೇ ಹೋಯಿತು. ಪಕ್ಕಕ್ಕೆ ಓಡ್ತಾ ಇದ್ದವನು ಆತುರದಲ್ಲಿ ಸ್ನ್ಯಾಪ್‌ಗೆ ಮೊದಲೇ ಒಂದು ಹೆಜ್ಜೆ ಮುಂದೆ ಇಟ್ಟುಬಿಟ್ಟ. ಕಾರಿನಲ್ಲಿ ಮನೆ ತನಕ ಮಾತಿಲ್ಲ. ಊಟವೂ ಬೇಡ ಅಂದ. ಮಾರನೇ ದಿನ ಹಿತ್ತಲಲ್ಲಿ ಸೀಮೆಸುಣ್ಣದಲ್ಲಿ ಗೆರೆ ಎಳೆದು ತಂಗಿ ಕೈಗೆ ಚೆಂಡು ಕೊಟ್ಟು ಕತ್ತಲಾಗುವ ತನಕ ಅದೊಂದೇ ಓಟ ಓಡಿದ.

ಬಾಬು ಮಾವ: ಭೇಷ್. ಅವನ ಆಟದ ವಿಡಿಯೊ ಇದ್ದರೆ ಹಾಕಮ್ಮ. ಈ ಸಲ ಕಾಲು ನೋಡ್ತೀನಿ.

ಪುಟ್ಟ: ಹಾಕಕ್ಕಾ, ನಾನೂ ನೋಡ್ತೀನಿ. ಆದ್ರೆ ಎಚ್ಚರಿಕೆ ಕೊಡಬೇಕಿತ್ತು ಅನ್ನೋ ಮಾತು ಮಾತ್ರ ಬಿಡಲ್ಲ.