ಮನೆಯ ಓಟಿಜಿಯಲ್ಲಿ ಪಿಟಾ ಬ್ರೆಡ್: ಎಂಟರಲ್ಲಿ ಎರಡೇ ಉಬ್ಬಿದ್ದೇಕೆ?

ಸಂಪಿಗೆ, ದಾವಣಗೆರೆ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ರಜೆಗೆ ಬಂದ ಮಗಳು ಹಮ್ಮುಸ್ ಬೇಕೆಂದು ಕೇಳಿದ್ದರಿಂದ ಕಾಬೂಲಿ ಕಡಲೆ ಬೇಯಿಸಿ, ಎಳ್ಳು ಹುರಿದು ರುಬ್ಬಿ ಅದನ್ನೇನೋ ಮಾಡಿದೆ. ಜೊತೆಗೆ ಪಿಟಾ ಬ್ರೆಡ್ಡನ್ನೂ (ಉಬ್ಬಿ ಒಳಗೆ ಚೀಲದಂತೆ ಟೊಳ್ಳಾಗುವ ರೊಟ್ಟಿ) ಮನೆಯಲ್ಲೇ ಮಾಡಲು ಹೊರಟು ಎಡವಿದೆ. ಮೂರು ಕಪ್ ಮೈದಾ, ಒಂದು ಚಹಾ ಚಮಚ ಇನ್‌ಸ್ಟಂಟ್ ಈಸ್ಟ್, ಅಷ್ಟೇ ಸಕ್ಕರೆ, ಉಪ್ಪು, ಎಣ್ಣೆ ಮತ್ತು ಉಗುರುಬೆಚ್ಚಗಿನ ನೀರು ಹಾಕಿ ನಾದಿ ಮುಚ್ಚಿಟ್ಟೆ. ಒಂದೂವರೆ ಗಂಟೆಯಲ್ಲಿ ಹಿಟ್ಟು ಎರಡರಷ್ಟಾಯಿತು. ಎಂಟು ಉಂಡೆ ಮಾಡಿ, ಚಪಾತಿಗೆ ಮಾಡುವಂತೆಯೇ ಸ್ವಲ್ಪ ಲಟ್ಟಿಸಿ, ಎಣ್ಣೆ ಸವರಿ, ಮಡಚಿ, ಮತ್ತೆ ಲಟ್ಟಿಸಿದೆ. ಓಟಿಜಿಯನ್ನು (ಮೇಜಿನ ಮೇಲಿಡುವ ಸಣ್ಣ ವಿದ್ಯುತ್ ಒಲೆ) 200 ಡಿಗ್ರಿಗೆ ಇಟ್ಟು, ಅದರ ಜೊತೆ ಬಂದ ತೆಳು ಟ್ರೇಯಲ್ಲಿ ಎರಡೆರಡರಂತೆ ಹತ್ತು ನಿಮಿಷ ಬೇಯಿಸಿದೆ.

ಮೊದಲ ಆರು ಉಬ್ಬಲೇ ಇಲ್ಲ, ಆರಿದ ಮೇಲೆ ಬಿಸ್ಕತ್ತಿನಂತೆ ಗಟ್ಟಿಯಾದವು. ಆ ಹೊತ್ತಿಗೆ ಬೇಸರ ಬಂದು ಕೊನೆಯ ಎರಡನ್ನು ಮಡಚದೆ ನೇರವಾಗಿ ಲಟ್ಟಿಸಿ ಬಟ್ಟೆ ಮುಚ್ಚಿದ್ದೆ. ಅಷ್ಟರಲ್ಲಿ ಪಕ್ಕದ ಮನೆಯವರು ಬಂದು ಮಾತಿಗೆ ನಿಂತರು. ಖಾಲಿ ಟ್ರೇ ಇಪ್ಪತ್ತು ನಿಮಿಷ ಒಳಗೇ ಕಾಯುತ್ತಿತ್ತು. ಮರಳಿ ಬಂದು ಆ ಎರಡನ್ನು ಹಾಕಿದರೆ ಅವು ಪೂರಿಯಂತೆ ಉಬ್ಬಿ ನಿಂತವು! ಹಿಟ್ಟು ಇನ್ನಷ್ಟು ಹುದುಗಿದ್ದರಿಂದ ಹೀಗಾಯಿತೇ? ಈಸ್ಟ್ ಹೆಚ್ಚು ಹಾಕಬೇಕೇ? ಮೈದಾ ಬದಲು ಚಪಾತಿಯ ಗೋಧಿ ಹಿಟ್ಟಿನಲ್ಲಿ ಮಾಡಬಹುದೇ ಎಂಬುದನ್ನೂ ತಿಳಿದವರು ಹೇಳಿದರೆ ಉಪಕಾರವಾಗುತ್ತದೆ.

ಒಲೆಮನೆ, ಧಾರವಾಡ

ಸಂಪಿಗೆ ಅವರೇ, ನಿಮ್ಮ ಪ್ರಶ್ನೆಯಲ್ಲೇ ಉತ್ತರವಿದೆ, ಆದರೆ ನೀವು ಅದನ್ನು ಈಸ್ಟಿನ ಲೆಕ್ಕಕ್ಕೆ ಬರೆದುಕೊಂಡಿದ್ದೀರಿ. ಪಿಟಾದ ಹೊಟ್ಟೆ ತೆರೆಯುವುದು ಮುಖ್ಯವಾಗಿ ಹಬೆಯಿಂದ. ಈಸ್ಟ್ ಹಿಟ್ಟಿಗೆ ರುಚಿಯನ್ನೂ ಮೃದುತ್ವವನ್ನೂ ಕೊಡುತ್ತದೆ. ಹುದುಗುವಾಗ ಹುಟ್ಟಿದ ಗಾಳಿಯೂ ಸ್ವಲ್ಪ ನೆರವಾಗುತ್ತದೆ, ಅಷ್ಟೆ. ಈಸ್ಟಿನ ಹಂಗಿಲ್ಲದೆ ಕೆಂಡದ ಮೇಲೆ ಚೆಂಡಿನಂತೆ ಉಬ್ಬುವ ಪುಲ್ಕವನ್ನು ನಾವು ದಿನವೂ ನೋಡುತ್ತೇವಲ್ಲ, ಇಲ್ಲಿ ನಡೆಯುವುದೂ ಅದೇ ಕೆಲಸ. ನೀರು ಹಬೆಯಾದಾಗ ಅದರ ಗಾತ್ರ ಸುಮಾರು 1,600 ಪಟ್ಟು ಹಿಗ್ಗುತ್ತದೆ. ಬಿಲ್ಲೆಯ ಮೇಲ್ಮೈ ಮತ್ತು ತಳ ಎರಡೂ ಬೇಗನೆ ಬೆಂದು ಪೊರೆಗಟ್ಟಿ, ನಡುವಿನ ಹಿಟ್ಟು ಇನ್ನೂ ಹಸಿಯಾಗಿರುವಾಗಲೇ ಒಳಗಿನ ನೀರು ಹಬೆಯಾದರೆ, ಹೊರಗೆ ಹೋಗಲು ದಾರಿಯಿಲ್ಲದೆ ಅದು ಎರಡು ಪದರಗಳನ್ನು ಸೀಳಿ ಬೇರೆ ಮಾಡುತ್ತದೆ. ಕಾವು ಕಡಿಮೆಯಿದ್ದರೆ ಪೊರೆ ಕಟ್ಟುವ ಮೊದಲೇ ಹಬೆ ಸಣ್ಣಗೆ ಸೋರಿಹೋಗಿ ಹಿಟ್ಟು ಒಣಗುತ್ತದೆ. ನಿಮ್ಮ ಮೊದಲ ಆರು ಬಿಸ್ಕತ್ತಾದದ್ದು ಹೀಗೆ.

ಪಕ್ಕದ ಮನೆಯವರು ನಿಮಗೆ ಮಾಡಿದ ಉಪಕಾರ ಸಣ್ಣದಲ್ಲ. ಅವರ ದೆಸೆಯಿಂದ ಟ್ರೇ ಚೆನ್ನಾಗಿ ಕಾಯಿತು. ಲಟ್ಟಿಸಿದ ಹಿಟ್ಟಿಗೂ ಇಪ್ಪತ್ತು ನಿಮಿಷ ವಿಶ್ರಾಂತಿ ಸಿಕ್ಕಿತು. ಮುಂದಿನ ಸಲ ಓಟಿಜಿಯನ್ನು ಅದರ ಗರಿಷ್ಠ ಕಾವಿಗೆ, ಅಂದರೆ 230 ಅಥವಾ 250 ಡಿಗ್ರಿಗೆ ಇಟ್ಟು, ಮೇಲಿನ ಮತ್ತು ಕೆಳಗಿನ ಎರಡೂ ಸರಳುಗಳನ್ನು ಹಾಕಿರಿ. ತೆಳು ಟ್ರೇ ಬದಲು ಮರದ ಅಥವಾ ಪ್ಲಾಸ್ಟಿಕ್ ಹಿಡಿಯಿಲ್ಲದ ಬೀಡುಕಬ್ಬಿಣದ ಕಾವಲಿಯನ್ನು ಬೋರಲು ಹಾಕಿ ಒಳಗಿಡಿ. ಕಾದಿದೆಯೆಂದು ದೀಪ ಆರಿದ ಮಾತ್ರಕ್ಕೆ ಕಾವಲಿ ಕಾದಿರುವುದಿಲ್ಲ. ಪೂರ್ತಿ ಅರ್ಧ ಗಂಟೆ ಬಿಡಿ. ಬಿಲ್ಲೆಯನ್ನು ಅದರ ಮೇಲೆ ಬೇಗನೆ ಇಟ್ಟು ಬಾಗಿಲು ಮುಚ್ಚಿದರೆ ಎರಡನೆಯ ನಿಮಿಷಕ್ಕೆ ಒಂದು ಮೂಲೆಯಲ್ಲಿ ಸಣ್ಣ ಗುಳ್ಳೆ ಏಳುತ್ತದೆ, ಅದು ಹರಿದು ಮತ್ತೊಂದು ಗುಳ್ಳೆಯನ್ನು ಸೇರುತ್ತದೆ, ನೋಡನೋಡುತ್ತಿದ್ದಂತೆ ಇಡೀ ಬಿಲ್ಲೆ ಎದ್ದು ನಿಲ್ಲುತ್ತದೆ. ಮೂರರಿಂದ ನಾಲ್ಕು ನಿಮಿಷ ಸಾಕು. ಕಂದು ಬಣ್ಣ ಬರಲೆಂದು ಕಾಯಬೇಡಿ.

ಇನ್ನು ಮಡಚಿ ಲಟ್ಟಿಸುವುದನ್ನು ಪಿಟಾಕ್ಕೆ ಬಿಟ್ಟುಬಿಡಿ. ನಮ್ಮ ಪದರದ ಚಪಾತಿಗೆ ಅದು ಬೇಕು, ಏಕೆಂದರೆ ಅಲ್ಲಿ ಹಲವು ಪದರ ಬಿಡಿಸಬೇಕು. ಪಿಟಾದಲ್ಲಿ ಇರಬೇಕಾದುದು ಒಂದೇ ಚೀಲ. ಮಡಿಕೆಯ ಅಂಚು ಇರುವಲ್ಲೆಲ್ಲ ಹಬೆಗೆ ದಾರಿಯಾಗುತ್ತದೆ. ಬಿಲ್ಲೆ ಅರ್ಧ ಸೆಂಟಿಮೀಟರ್ ದಪ್ಪವಿರಲಿ, ಅಂಚು ಮತ್ತು ನಡು ಒಂದೇ ಸಮನಾಗಿರಲಿ. ತೂಕ ಹಾಕುವವರಾದರೆ 500 ಗ್ರಾಂ ಮೈದಾಗೆ 310 ಮಿ.ಲೀ. ನೀರು, 7 ಗ್ರಾಂ ಈಸ್ಟ್, 10 ಗ್ರಾಂ ಉಪ್ಪು, ಒಂದು ದೊಡ್ಡ ಚಮಚ ಎಣ್ಣೆ. ಹಿಟ್ಟು ಚಪಾತಿ ಹಿಟ್ಟಿಗಿಂತ ಸ್ವಲ್ಪ ಸಡಿಲವಾಗಿ, ಬೆರಳಿಗೆ ಅಂಟೀತು ಎನ್ನುವಂತಿರಬೇಕು.

ಅಡುಗೆ ಆಸಕ್ತ, ಮೈಸೂರು

ಇಷ್ಟೆಲ್ಲ ಕಷ್ಟವೇಕೆ? ಹಿಟ್ಟಿಗೆ ಅರ್ಧ ಕಪ್ ಮೊಸರು, ಒಂದು ಚಮಚ ಬೇಕಿಂಗ್ ಪೌಡರ್ ಹಾಕಿ ಕಾವಲಿಯ ಮೇಲೆ ಬೇಯಿಸಿದರೆ ಹತ್ತಿಯಂತೆ ಮೃದುವಾಗುತ್ತದೆ. ನಾನು ಹಾಗೆಯೇ ಮಾಡುತ್ತೇನೆ.

ಒಲೆಮನೆ, ಧಾರವಾಡ

ಮೃದುವಾಗುತ್ತದೆ, ಸಂಶಯವಿಲ್ಲ, ಆದರೆ ಅದು ಕುಲ್ಚಾದ ಹಾದಿ ಹಿಡಿಯಿತು. ಹೊಟ್ಟೆ ತೆರೆಯದಿದ್ದರೆ ಫಲಾಫಲ್ (ಕಡಲೆ ರುಬ್ಬಿ ಕರಿದ ವಡೆ) ತುಂಬುವುದೆಲ್ಲಿ, ಸರ್?

ಶಾರ್ಜಾ ಕನ್ನಡಿಗ

ಒಲೆಮನೆಯವರ ಮಾತನ್ನು ಇಲ್ಲಿ ಕಣ್ಣಾರೆ ನೋಡಬಹುದು. ನಮ್ಮ ಬೀದಿಯ ಲೆಬನಾನಿ ಬೇಕರಿಯಲ್ಲಿ ಹಿಟ್ಟಿನ ಬಿಲ್ಲೆಗಳು ಪಟ್ಟಿಯ ಮೇಲೆ ಸಾಲಾಗಿ ಒಲೆಯೊಳಗೆ ಹೋಗಿ, ಒಂದು ನಿಮಿಷವೂ ಕಳೆಯುವ ಮುನ್ನ ಆ ಬದಿಯಿಂದ ಬಲೂನುಗಳಾಗಿ ಹೊರಬೀಳುತ್ತವೆ. ಅಲ್ಲಿನ ಕಾವು 400 ಡಿಗ್ರಿಗೂ ಹೆಚ್ಚು. ನಮ್ಮ ಓಟಿಜಿಗೆ ಅದು ಎಟುಕುವುದಿಲ್ಲವಾದ್ದರಿಂದ ಕಾದ ಕಬ್ಬಿಣದ ನೆರವು ಬೇಕು. ಅಂದಹಾಗೆ, ಇಲ್ಲಿ ‘ಪಿಟಾ’ ಎಂದು ಕೇಳುವವರು ಕಡಿಮೆ. ಅರಬ್ಬಿಯಲ್ಲಿ ರೊಟ್ಟಿಗೆಲ್ಲ ‘ಖುಬ್ಜ್’ ಎನ್ನುತ್ತಾರೆ. ಗ್ರೀಸಿನಲ್ಲಿ ಮಾಂಸದ ತುಣುಕುಗಳನ್ನು ಸುತ್ತಿಕೊಡುವ ಪಿಟಾಕ್ಕಂತೂ ಸಾಮಾನ್ಯವಾಗಿ ಹೊಟ್ಟೆಯೇ ಇರುವುದಿಲ್ಲ. ಅದು ದಪ್ಪಗೆ, ಮೆತ್ತಗೆ ಇರುತ್ತದೆ. ಮೈಸೂರಿನವರ ರೊಟ್ಟಿ ಬಹುಶಃ ಅದಕ್ಕೆ ಹತ್ತಿರ.

ಗೋಧಿ ಹಿಟ್ಟಿನ ಬಗ್ಗೆ ಕೇಳಿದ್ದೀರಿ. ಈಜಿಪ್ಟಿನವರ ದಿನನಿತ್ಯದ ರೊಟ್ಟಿಯಾದ ‘ಐಶ್ ಬಲದಿ’ ಗೋಧಿಯ ತವುಡನ್ನು ಉಳಿಸಿಕೊಂಡ ಹಿಟ್ಟಿನದೇ. ತಳಕ್ಕೆ ಅಂಟದಿರಲೆಂದು ಮತ್ತಷ್ಟು ತವುಡು ಉದುರಿಸಿರುತ್ತಾರೆ. ‘ಐಶ್’ ಎಂದರೆ ಬದುಕು. ನಾವು ‘ಅನ್ನ’ವೆಂದರೆ ಜೀವನೋಪಾಯವನ್ನೂ ಸೂಚಿಸುತ್ತೇವಲ್ಲ, ಹಾಗೆ. ಅದೂ ಚೆನ್ನಾಗಿ ಹೊಟ್ಟೆ ಬಿಡುತ್ತದೆ. ಆದರೆ ನಮ್ಮ ಗಿರಣಿಯ ಹಿಟ್ಟು ಹೆಚ್ಚು ನೀರು ಕುಡಿಯುತ್ತದೆ. ತವುಡು ಜಿಗುಟಿನ ಎಳೆಗಳನ್ನು ಕಡಿಯುವುದರಿಂದ ಬಿಲ್ಲೆ ಬೇಗ ಬಿರುಕು ಬಿಡುತ್ತದೆ. ಮೊದಲಿಗೆ ಅರ್ಧ ಮೈದಾ, ಅರ್ಧ ಗೋಧಿ ಹಿಟ್ಟು ಸೇರಿಸಿ, ನೀರನ್ನು ಮೂರು ನಾಲ್ಕು ಚಮಚ ಹೆಚ್ಚಿಸಿ, ಕಲಸಿದ ಮೇಲೆ ಇಪ್ಪತ್ತು ನಿಮಿಷ ನೆನೆಯಲು ಬಿಟ್ಟು ಆಮೇಲೆ ನಾದಿರಿ.

ಬೆಂದದ್ದನ್ನು ತೆಗೆದ ಕೂಡಲೇ ಒಂದರ ಮೇಲೊಂದು ಇಟ್ಟು ಬಟ್ಟೆಯಲ್ಲಿ ಸುತ್ತಿಡಿ, ಮೆತ್ತಗೆ ಉಳಿಯುತ್ತದೆ. ಮರುದಿನಕ್ಕೆ ಬೇಕಾದರೆ ಫ್ರಿಜ್ಜಿನಲ್ಲಿ ಇಡಬೇಡಿ, ಅಲ್ಲಿ ಪಿಷ್ಟ ಬೇಗ ಗಟ್ಟಿಯಾಗುತ್ತದೆ. ನೇರವಾಗಿ ಫ್ರೀಜರಿನಲ್ಲಿಟ್ಟು ಬೇಕಾದಾಗ ಕಾವಲಿಯ ಮೇಲೆ ಬಿಸಿ ಮಾಡಿಕೊಳ್ಳಿ.

ಸಂಪಿಗೆ, ದಾವಣಗೆರೆ

ಎಲ್ಲರಿಗೂ ಧನ್ಯವಾದ. ನಿನ್ನೆ ಸಂಜೆ ಅತ್ತೆಯವರ ಕಾಲದ ರೊಟ್ಟಿ ಹಂಚನ್ನು ಅಟ್ಟದಿಂದ ಇಳಿಸಿ, ಬೋರಲು ಹಾಕಿ 250 ಡಿಗ್ರಿಯಲ್ಲಿ ಅರ್ಧ ಗಂಟೆ ಕಾಯಿಸಿದೆ. ಈಸ್ಟ್ ಮೊದಲಿನಷ್ಟೇ ಹಾಕಿದೆ. ಎಂಟರಲ್ಲಿ ಆರು ಪೂರ್ತಿ ಉಬ್ಬಿದವು. ಏಳನೆಯದಕ್ಕೆ ಲಟ್ಟಿಸುವಾಗ ಉಗುರು ತಾಗಿ ಸಣ್ಣ ಗೀರಾಗಿತ್ತು. ಹಬೆ ಅಲ್ಲಿಂದಲೇ ಸುಯ್ಯೆಂದು ಹೋದದ್ದು ಗಾಜಿನ ಬಾಗಿಲಿನಿಂದ ಕಾಣಿಸಿತು. ಎಂಟನೆಯದರ ಮೇಲೆ ಬಟ್ಟೆ ಮುಚ್ಚಲು ಮರೆತು ಫ್ಯಾನಿನ ಗಾಳಿಗೆ ಮೇಲ್ಮೈ ಒಣಗಿ ಹೋಗಿತ್ತು. ಉಬ್ಬದ ಆ ಎರಡನ್ನು ತುಂಡು ಮಾಡಿ ಹುರಿದು, ಸೌತೆಕಾಯಿ, ಟೊಮೆಟೊ, ಪುದೀನ, ನಿಂಬೆರಸದೊಂದಿಗೆ ಕಲಸಿಕೊಟ್ಟೆ. ಅದಕ್ಕೆ ಲೆಬನಾನಿನಲ್ಲಿ ‘ಫತ್ತೂಶ್’ ಎನ್ನುತ್ತಾರೆಂದು ಮಗಳು ಹೇಳಿದಳು. ನಾಳೆ ಅರ್ಧ ಗೋಧಿ ಹಿಟ್ಟಿನದನ್ನು ಮಾಡಿ ನೋಡುತ್ತೇನೆ.