ಸಹಾಯ ಬೇಕು: ಟ್ರಯಂಫ್ ಸ್ಟಾಗ್ ಕಾರಿಗೆ ಮೂಲ ಎಂಜಿನ್ ವಾಪಸ್ ಕೂರಿಸಬೇಕಾ?

1973ರ ಟ್ರಯಂಫ್ ಸ್ಟಾಗ್ ಮಾರಾಟಕ್ಕೆ ತಯಾರಾಗ್ತಿದೆ. ಬಾಡಿ ಗಟ್ಟಿ, ಬಾಗಿಲುಗಳ ಕೆಳಗಿನ ಸಿಲ್‌ಗಳಲ್ಲಿ (ಉದ್ದದ ಪಟ್ಟಿಗಳಲ್ಲಿ) ತುಕ್ಕಿಲ್ಲ. ಆದ್ರೆ ಹಿಂದಿನವರು ಮೂಲ 2997 ಸಿಸಿ ವಿ8 (ಎಂಟು ಸಿಲಿಂಡರ್) ಎಂಜಿನ್ ಇಳಿಸಿ ರೋವರ್ 3.5 ಲೀಟರ್ ವಿ8 ಹಾಕಿಸಿದ್ದಾರೆ. ಮೂಲ ಎಂಜಿನ್ ಬಿಚ್ಚಿಟ್ಟ ಸ್ಥಿತಿಯಲ್ಲಿ ಜೊತೆಗೇ ಇದೆ, ನಂಬರ್ ಕಾರ್ಖಾನೆ ದಾಖಲೆಗೆ ತಾಳೆಯಾಗುತ್ತೆ.

ಈ ಮೂಲ ಎಂಜಿನ್ನಿನ ಕಾಯಿಲೆ ಗೊತ್ತಿರೋದೇ. ವಾಟರ್ ಪಂಪ್ ತೀರಾ ಮೇಲಿದೆ. ಕೂಲಂಟ್ ಕೊಂಚ ಇಳಿದರೂ ಗಾಳಿ ಎಳೆದು, ಬಿಸಿಯಾಗಿ, ಅಲ್ಯೂಮಿನಿಯಂ ಹೆಡ್ (ಸಿಲಿಂಡರ್‌ಗಳ ಮೇಲಿನ ಮುಚ್ಚಳ) ಬಾಗುತ್ತೆ. ಇಲ್ಲೂ ಎಡಗಡೆ ಹೆಡ್ ಮೇಲೆ ಸ್ಟ್ರೇಟ್‌ಎಡ್ಜ್ (ನೇರ ಅಂಚಿನ ಪಟ್ಟಿ) ಇಟ್ಟರೆ ನಡುವೆ 0.20 ಮಿ.ಮೀ. ಫೀಲರ್ ಗೇಜ್ (ಸಂದು ಅಳೆಯೋ ತೆಳು ತಗಡು) ನುಗ್ಗುತ್ತೆ. ಬ್ಲಾಕ್ ಚೆನ್ನಾಗಿದೆ.

ಹರಾಜಿನ ಬೆಲೆಗಳನ್ನು ಹೋಲಿಸಿ ನೋಡಿದ್ದಾಯ್ತು. ರೋವರ್ ಎಂಜಿನ್ ಇರೋ ಸ್ಟಾಗ್‌ಗೆ ಕಡಿಮೆ, ಸರಿ. ಆದ್ರೆ ಮೂಲ ಎಂಜಿನ್ ಜೊತೆಗಿತ್ತೋ ಇಲ್ಲವೋ ಅಂತ ಯಾರೂ ಬರೆದಿಲ್ಲ, ಗೊಂದಲ ಇಲ್ಲೇ.

ಹೆಡ್ ಸ್ಕಿಮ್ ಮಾಡಿಸಿ (ಮೇಲ್ಮೈ ತೆಳುವಾಗಿ ಕೆತ್ತಿಸಿ ಸಮ ಮಾಡಿಸಿ), ಹೊಸ ಟೈಮಿಂಗ್ ಚೈನ್ ಹಾಕಿ ಮೂಲ ಎಂಜಿನ್ನೇ ಕೂರಿಸಿದರೆ ಆ ಖರ್ಚು ಬೆಲೆಯಲ್ಲಿ ವಾಪಸ್ ಬರುತ್ತಾ? ಅಥವಾ ಬಿಡಿಯಾಗೇ ಜೊತೆಗೆ ಕೊಟ್ಟರೆ ಸಂಗ್ರಹಕಾರರಿಗೆ ಸಾಕಾ?