ಫುಟ್‌ಪಾತಲ್ಲಿ ಸಿಕ್ಕಿದ್ದು ಫಸ್ಟ್ ಎಡಿಷನ್ನಾ?

ಪ್ರಶ್ನೆ, ಮುಂಬಯಿಯ ಮಾಟುಂಗಾದಿಂದ:
ಕಿಂಗ್ಸ್ ಸರ್ಕಲ್‌ನ ಹಳೇ ಪುಸ್ತಕದವರ ಹತ್ತಿರ ಅಸಿಮೋವ್ ಅವರ ವೈಜ್ಞಾನಿಕ ಕಾದಂಬರಿ ‘ದಿ ಗಾಡ್ಸ್ ದೆಮ್‌ಸೆಲ್ವ್ಸ್’ ಸಿಕ್ಕಿತು. ಹಾರ್ಡ್‌ಬೌಂಡ್, ಡಬಲ್‌ಡೇ ಪ್ರಕಾಶನ, ಒಳಗೆ 1972 ಅಂತಿದೆ. ಫಸ್ಟ್ ಎಡಿಷನ್ ಅಂತ ಹೇಳಿ ಜಾಸ್ತಿ ದುಡ್ಡು ತಗೊಂಡರು. ಹೌದಾ ಅಲ್ವಾ ಅಂತ ತಿಳಿಯೋದು ಹೇಗೆ? ಗೊತ್ತಿದ್ದವರು ಹೇಳಿ.

ಡೊಂಬಿವಲಿಯಿಂದ:
ಇಸವಿ ನೋಡಿ ತೀರ್ಮಾನ ಮಾಡಬೇಡಿ ಸರ್. ಅದು ಕಾಪಿರೈಟ್ ಇಸವಿ, ಎಷ್ಟು ಸಲ ಅಚ್ಚು ಹಾಕಿದರೂ ಅದೇ ಇರುತ್ತದೆ. ಟೈಟಲ್ ಪೇಜಿನ ಹಿಂಬದಿ ನೋಡಿ. ಆ ಕಾಲದ ಡಬಲ್‌ಡೇ ಪುಸ್ತಕ ಮೊದಲ ಮುದ್ರಣದ್ದಾದರೆ ‘ಫಸ್ಟ್ ಎಡಿಷನ್’ ಅಂತ ಅಚ್ಚಾಗಿರುತ್ತದೆ. ಮರುಮುದ್ರಣದಲ್ಲಿ ಆ ಸಾಲು ತೆಗೆದುಬಿಡುತ್ತಿದ್ದರು.

ನನಗೇಕೋ ಇದು ಬುಕ್ ಕ್ಲಬ್ ಪ್ರತಿ ಅನಿಸುತ್ತದೆ. ಡಬಲ್‌ಡೇಯವರು 1953ರಲ್ಲಿ ಸೈನ್ಸ್ ಫಿಕ್ಷನ್ ಬುಕ್ ಕ್ಲಬ್ ಶುರು ಮಾಡಿದ್ದರು, ಸದಸ್ಯರಿಗೆ ಅಗ್ಗದ ಪ್ರತಿಗಳು ಅಂಚೆಯಲ್ಲಿ ಬರುತ್ತಿದ್ದವು. ಇಲ್ಲಿ ನನ್ನ ಕೈಗೆ ಸಿಕ್ಕ ಅಮೆರಿಕನ್ ಹಾರ್ಡ್‌ಬೌಂಡ್‌ಗಳಲ್ಲಿ ಇವೇ ಹೆಚ್ಚು. ಜಾಕೆಟ್ಟಿನ, ಅಂದರೆ ರಟ್ಟಿನ ಮೇಲೆ ಹೊದಿಸಿದ ಬಿಡಿ ಕಾಗದದ, ಒಳಮಡಿಕೆ ಬಿಡಿಸಿ. ಡಾಲರ್ ಬೆಲೆ ಇಲ್ಲ, ಕೆಳಗೆ ‘ಬುಕ್ ಕ್ಲಬ್ ಎಡಿಷನ್’ ಅಂತಿದೆ ಅಂದರೆ ಮುಗಿಯಿತು. ಮೂಲೆ ಕತ್ತರಿಸಿದ್ದರೆ ಸ್ವಲ್ಪ ಪೇಚು. ಉಡುಗೊರೆ ಕೊಡುವವರೂ ಬೆಲೆ ಕತ್ತರಿಸುತ್ತಾರೆ, ಕ್ಲಬ್ ಪ್ರತಿ ಅಂತ ಗೊತ್ತಾಗಬಾರದು ಅನ್ನುವವರೂ ಕತ್ತರಿಸುತ್ತಾರೆ. ಆಗ ರಟ್ಟು, ಕಾಗದ ಮುಟ್ಟಿ ನೋಡಿ. ಕ್ಲಬ್ಬಿನದು ಸಾಮಾನ್ಯವಾಗಿ ತೆಳು. ಕೊನೆಯ ಪುಟಗಳಲ್ಲಿ ಹೊಲಿಗೆಯ ಸಂದಿಗೆ ಒತ್ತಿಕೊಂಡು ಒಂದು ಅಕ್ಷರ, ಪಕ್ಕದಲ್ಲಿ ಅಂಕಿ, ಸಣ್ಣಗೆ ಅಚ್ಚಾಗಿರುತ್ತದೆ. ಅಕ್ಷರ ವರ್ಷಕ್ಕೆ, ಅಂಕಿ ವಾರಕ್ಕೆ. ಇದು ಅಂಗಡಿಯ ಪ್ರತಿ, ಕ್ಲಬ್ ಪ್ರತಿ ಎರಡರಲ್ಲೂ ಇರುವುದರಿಂದ ಸುಮ್ನೆ ಕೋಡ್ ಸಿಕ್ಕಿತು ಅಂತ ಹಿಗ್ಗಬೇಡಿ.

ವಾಶಿಯಿಂದ:
ಮೇಲಿನದು ಡಬಲ್‌ಡೇಗೆ ಸರಿ. ಬೇರೆಯವರದು ಬೇರೆ ಪದ್ಧತಿ. ಲಂಡನ್ನಿನ ಗೊಲಾನ್ಜ್‌ನವರ ಹಳದಿ ಜಾಕೆಟ್ ಪುಸ್ತಕಗಳಲ್ಲಿ ಮೊದಲ ಮುದ್ರಣ ಅಂತ ಬರೆಯುತ್ತಿರಲಿಲ್ಲ, ಮರುಮುದ್ರಣಕ್ಕೆ ಮಾತ್ರ ನಮೂದು. ಈಚಿನವುಗಳಲ್ಲಿ 10ರಿಂದ 1ರವರೆಗೆ ಅಂಕಿಗಳ ಸಾಲಿದ್ದರೆ, ಪ್ರತಿ ಮರುಮುದ್ರಣಕ್ಕೂ ಒಂದು ಅಂಕಿ ತೆಗೆಯುತ್ತಾರೆ, ಉಳಿದಿರುವ ಅತಿ ಚಿಕ್ಕ ಅಂಕಿಯೇ ಮುದ್ರಣದ ಸಂಖ್ಯೆ. ರ‍್ಯಾಂಡಮ್ ಹೌಸ್ ಮಾತ್ರ ವಿಚಿತ್ರ: ಬಹಳ ಕಾಲ ಅವರ ಮೊದಲ ಮುದ್ರಣದ ಸಾಲು 2ಕ್ಕೇ ನಿಲ್ಲುತ್ತಿತ್ತು, ಜೊತೆಗೆ ‘ಫಸ್ಟ್ ಎಡಿಷನ್’ ಅಂತ ಇರುತ್ತಿತ್ತು. ನಮ್ಮ ಕನ್ನಡ ಪುಸ್ತಕಗಳಲ್ಲಿ ಎಷ್ಟನೇ ಮುದ್ರಣ, ಎಷ್ಟು ಪ್ರತಿ ಅಂತ ನೇರವಾಗಿ ಹಾಕುತ್ತಾರೆ, ಎಷ್ಟು ಆರಾಮ!

ಹಾರ್ಡ್‌ಬೌಂಡ್ ಒಂದನ್ನೇ ಹುಡುಕಬೇಡಿ. ವೈಜ್ಞಾನಿಕ ಕಾದಂಬರಿ ‘ನ್ಯೂರೊಮ್ಯಾನ್ಸರ್’ ಮೊದಲು ಬಂದದ್ದು 1984ರಲ್ಲಿ, ಏಸ್ ಪ್ರಕಾಶನದ ಪೇಪರ್‌ಬ್ಯಾಕಾಗಿ. ‘ಹಿಚ್‌ಹೈಕರ್ಸ್ ಗೈಡ್’ 1979ರಲ್ಲಿ ಪ್ಯಾನ್ ಪ್ರಕಾಶನದ ಪೇಪರ್‌ಬ್ಯಾಕಾಗಿ. ಫ್ಲೋರಾ ಫೌಂಟನ್ ಕಡೆ ರಾಶಿಯಲ್ಲಿ ಪ್ಯಾನ್ ಕಂಡರೆ ತೆಗೆದು ನೋಡಿ, ಆದರೆ ಒಳಗೆ ಎಷ್ಟನೇ ಮುದ್ರಣ ಅಂತ ಬರೆದಿದೆಯಾ ಗಮನಿಸಿ.

ಅಂಧೇರಿಯಿಂದ:
ಫಸ್ಟ್ ಎಡಿಷನ್ ಆದರೂ ಜಾಕೆಟ್ ಇಲ್ಲದಿದ್ದರೆ ಬೆಲೆ ಕುಸಿಯುತ್ತದೆ. ಲೈಬ್ರರಿ ಸೀಲ್ ಇದ್ದರೂ ಅಷ್ಟೇ. ಜಾಕೆಟ್ ಹರಿದಿದ್ದರೆ ದಯವಿಟ್ಟು ಸೆಲ್ಲೋಟೇಪ್ ಹಚ್ಚಬೇಡಿ. ನಮ್ಮ ಮಳೆಗಾಲದ ತೇವಕ್ಕೆ ಅಂಟು ಕಂದು ಬಣ್ಣಕ್ಕೆ ತಿರುಗಿ ಕಾಗದಕ್ಕೆ ಇಳಿಯುತ್ತದೆ, ಆಮೇಲೆ ಅದನ್ನು ತೆಗೆಯೋಕೆ ಆಗಲ್ಲ.